ಬೀಗದೊಳಗೆ ಕುಳಿತ ಚಿನ್ನದ ಘೇಂಡಾಮೃಗ

ಅಂಗೈ ಮೇಲೆ ನಿಲ್ಲಿಸಬಹುದಾದಷ್ಟು ಪುಟ್ಟ ಘೇಂಡಾಮೃಗ. ಮರದಲ್ಲಿ ಕೆತ್ತಿದ ಮೈಗೆ ಚಿನ್ನದ ತೆಳು ತಗಡು ಹೊದಿಸಿ, ತೀರ ಸಣ್ಣ ಚಿನ್ನದ ಮೊಳೆಗಳನ್ನು ಬಡಿದು ಕೂರಿಸಿದ್ದಾರೆ. ಒಳಗಿನ ಮರ ಎಂದೋ ಮಣ್ಣಾಗಿದೆ. ತಗ್ಗಿಸಿದ ತಲೆಯ ಬಿಗುವು ಮಾತ್ರ ಇನ್ನೂ ಹಾಗೆಯೇ ಇದೆ.

ದಕ್ಷಿಣ ಆಫ್ರಿಕಾದ ಉತ್ತರದ ಅಂಚಿನಲ್ಲಿ, ಲಿಂಪೊಪೊ ಮತ್ತು ಶಾಶೆ ನದಿಗಳು ಕೂಡುವಲ್ಲಿ, ಈ ಘೇಂಡಾಮೃಗ ಸಿಕ್ಕ ಮಾಪುಂಗುಬ್ವೆ ಗುಡ್ಡವಿದೆ. 13ನೇ ಶತಮಾನದಲ್ಲಿ ಅದರ ನೆತ್ತಿಯಲ್ಲಿ ಅರಸನಿದ್ದ, ಬುಡದಲ್ಲಿ ಪ್ರಜೆಗಳಿದ್ದರು. ಇಲ್ಲಿಂದ ದಂತ, ಚಿನ್ನ ಹಿಂದೂ ಮಹಾಸಾಗರದ ಕರಾವಳಿಗೆ ಹೋಗುತ್ತಿದ್ದವು. ಗಾಜಿನ ಮಣಿಗಳು ಬರುತ್ತಿದ್ದವು, ಭಾರತದ ಗಾಜಿನವೂ ಅವುಗಳಲ್ಲಿ ಇದ್ದವು. ಗುಡ್ಡದ ಪಕ್ಕದಲ್ಲೇ ಇದ್ದ, ಅದಕ್ಕೂ ಹಳೆಯ ಕೆ2 ಎಂಬ ನೆಲೆಯ ಕುಶಲಿಗರು ಆ ಸಣ್ಣ ಮಣಿಗಳನ್ನು ಕರಗಿಸಿ, ಮಣ್ಣಿನ ಅಚ್ಚಿಗೆ ಹಾಕಿ, ತಮಗೆ ಬೇಕಾದ ದಪ್ಪ ಮಣಿಗಳನ್ನು ಮಾಡಿಕೊಂಡರು. ನನಗೆ ಚಿನ್ನಕ್ಕಿಂತ ಈ ಮಣಿಗಳ ಮೇಲೆಯೇ ಹೆಚ್ಚು ಅಕ್ಕರೆ. ಕಡಲಾಚೆಯಿಂದ ಬಂದದ್ದನ್ನು ತಮ್ಮದೇ ರುಚಿಗೆ ಒಗ್ಗಿಸಿಕೊಂಡವರ ಕೈಗುರುತು ಅದರಲ್ಲಿದೆ.

1932ರ ಕೊನೆಗೆ ವಾನ್ ಗ್ರಾನ್ ಎಂಬಾತ ಮಗನೊಂದಿಗೆ ಗುಡ್ಡ ಹತ್ತಿ ಚಿನ್ನ ಕಂಡ. ಸುತ್ತಲಿನವರಿಗೆ ಅದು ಮೊದಲಿನಿಂದಲೂ ಪವಿತ್ರ ಸ್ಥಳ, ಕಾಲಿಡಲು ಅಂಜುತ್ತಿದ್ದ ಸ್ಥಳ. ಮಗ ಪ್ರಿಟೋರಿಯಾ ವಿಶ್ವವಿದ್ಯಾಲಯದ ತನ್ನ ಪ್ರಾಧ್ಯಾಪಕ ಲಿಯೋ ಫೌಷೆಗೆ ವಿಷಯ ಮುಟ್ಟಿಸಿದ; ಉತ್ಖನನ ನಡೆಯಿತು, 1937ರಲ್ಲಿ ವರದಿಯೂ ಅಚ್ಚಾಯಿತು.

ಹಾಗಾಗಿಯೇ ನನಗೆ ಸಿಟ್ಟು. ಯಾರಿಗೂ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲವಲ್ಲ! ಗೋರಿಗಳಲ್ಲಿ ಸಿಕ್ಕ ತಲೆಬುರುಡೆಗಳನ್ನು ಅಳೆದ ವಿದ್ವಾಂಸರು, ಇವರು ಇಂದಿನ ಕಪ್ಪು ಜನರ ಪೂರ್ವಜರಲ್ಲ ಎಂದು ವಾದಿಸಿದರು. ಅದೇ ನೆಲದ ಮಡಕೆಗಳು ಬೇರೆಯದನ್ನೇ ಹೇಳುತ್ತಿದ್ದವು. ವರ್ಣಭೇದದ ಕಾಲದ ಶಾಲೆಗಳಲ್ಲಂತೂ, ಬಿಳಿಯರು ಬರುವಾಗ ಈ ನೆಲ ಬಹುಪಾಲು ಖಾಲಿಯಾಗಿತ್ತು, ಕಪ್ಪು ಜನರೂ ಆಗಷ್ಟೇ ಬಂದವರು ಎಂದು ಮಕ್ಕಳಿಗೆ ಕಲಿಸಲಾಯಿತು. ಆ ಪಾಠವನ್ನು ಸುಳ್ಳಾಗಿಸುವ ಚಿನ್ನ ವಿಶ್ವವಿದ್ಯಾಲಯದ ಬೀಗದೊಳಗಿತ್ತು. ಜನಸಾಮಾನ್ಯರು ನೋಡುವಂತೆ ಅದನ್ನು ಪ್ರದರ್ಶನಕ್ಕಿಟ್ಟದ್ದು 2000ದಲ್ಲಿ.

2003ರಲ್ಲಿ ಯುನೆಸ್ಕೋ ಮನ್ನಣೆ ಬಂತು. ಅದಕ್ಕಿಂತ ದೊಡ್ಡದು 2007ರಲ್ಲಿ ನಡೆಯಿತು: ಪೆಟ್ಟಿಗೆಗಳಲ್ಲಿದ್ದ ಅಸ್ಥಿಗಳನ್ನು ವಾರಸುದಾರ ಸಮುದಾಯಗಳಿಗೆ ಒಪ್ಪಿಸಿ, ಮಾಪುಂಗುಬ್ವೆಯಲ್ಲೇ ಮತ್ತೆ ಮಣ್ಣು ಮಾಡಲಾಯಿತು. ಆ ಅಸ್ಥಿಗಳ ಜೊತೆ ಗೋರಿಯಲ್ಲಿದ್ದ ಚಿನ್ನ ಮಾತ್ರ ನೂರಾರು ಕಿಲೋಮೀಟರ್ ದೂರದ ಪ್ರಿಟೋರಿಯಾದಲ್ಲೇ ಉಳಿದಿದೆ. ಭದ್ರತೆ, ಸಂರಕ್ಷಣೆಯ ಮಾತು ನನಗೂ ಅರ್ಥವಾಗುತ್ತದೆ. ಆದರೂ ಅದನ್ನು ಎಲ್ಲಿಡಬೇಕು ಎಂದು ತೀರ್ಮಾನಿಸುವ ಹಕ್ಕು ಆ ಅಸ್ಥಿಗಳನ್ನು ಹೊತ್ತು ತಂದವರದು.