ಜಿಲ್ಲೆಗೊಂದು ಆರೋಗ್ಯ ನೀತಿ ತಂಡ ಬೇಕೇ?

ಪರ: ಮಲೆನಾಡಿನ ಕಾಯಿಲೆಗೆ ಇಲ್ಲೇ ಕೂತು ಯೋಚಿಸಬೇಕು

ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಷ್ಟು ವರ್ಷ ಕಳೆದರೂ 2019ರಲ್ಲಿ ಸಾಗರದ ಅರಳಗೋಡು ಸುತ್ತಮುತ್ತ ಸಾವುಗಳಾದವು. ಹಳೇ ಕಾಯಿಲೆಗೆ ಪ್ರತಿ ಸಲ ಹೊಸದಾಗಿ ಗಾಬರಿಯಾಗುತ್ತೇವೆ.

ಯಾಕೆ ಹೀಗೆ? ಕಾಡು ಅರಣ್ಯ ಇಲಾಖೆಯದ್ದು, ದನ ಪಶು ಇಲಾಖೆಯದ್ದು, ಜ್ವರ ಬಂದ ಮನುಷ್ಯ ಆರೋಗ್ಯ ಇಲಾಖೆಯ ಪಾಲು. ಉಣುಗು ಮಾತ್ರ ಮೂರೂ ಕಡೆ ಓಡಾಡುತ್ತದೆ. ಮೂರನ್ನೂ ಸೇರಿಸಿ ವರ್ಷವಿಡೀ ಯೋಚಿಸುವವರು ಯಾರು? ಈಗಿರುವ ಅಧಿಕಾರಿಗಳಿಗೆ ಸಭೆ, ವರ್ಗಾವಣೆಗಳ ನಡುವೆ ಪುರುಸೊತ್ತೇ ಇಲ್ಲ.

ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಎಂದು ನಿಲ್ಲಿಸಿದ ಮೇಲೆ, ಉಣುಗು ಹತ್ತಿರ ಬರದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯೇ ಗತಿಯಾಯಿತು. ಕಾಡಿಗೆ ದರಗು (ಒಣ ಎಲೆ) ಗುಡಿಸಲು ಹೋಗುವ ಹೆಂಗಸು ಅದನ್ನು ನಿಜವಾಗಿ ಹಚ್ಚಿಕೊಳ್ಳುತ್ತಾಳಾ? ಬೆವರಿದ ಮೈಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ? ಬಾಟಲಿ ಹಂಚಿದ ಲೆಕ್ಕ ಇಟ್ಟರೆ ಸಾಲದು. ಇಂಥ ಪ್ರಶ್ನೆ ಕೇಳಿ, ಉತ್ತರ ಹುಡುಕಿ, ಯೋಜನೆ ತಿದ್ದುವ ತಂಡ ಜಿಲ್ಲೆಯಲ್ಲೇ ಬೇಕು.

ಬಯಲಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡಲ್ಲಿ 20,000ಕ್ಕೆ ಎನ್ನುತ್ತದೆ ನಿಯಮ. ಶರಾವತಿ ಹಿನ್ನೀರಿನ ಆಚೆಯವರಿಗೆ ತಲೆ ಎಣಿಸಿದರೆ ಆಗಲ್ಲ, ದಾರಿ ಅಳೆಯಬೇಕು. ಅದು ಇಲ್ಲೇ ಕೂತ ತಂಡಕ್ಕಷ್ಟೇ ಕಾಣುತ್ತದೆ.

ವಿರೋಧ: ಮೊದಲು ಖಾಲಿ ಕುರ್ಚಿ ತುಂಬಿ

ವರದಿಗಳಿಗೆ ನಮ್ಮಲ್ಲಿ ಬರವಿಲ್ಲ. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 2001ರಲ್ಲೇ ರಾಜ್ಯ ಸರ್ಕಾರಕ್ಕೆ ದೊಡ್ಡ ವರದಿ ಕೊಟ್ಟಿತ್ತು. ಪ್ರಾಥಮಿಕ ಆರೋಗ್ಯ ಗಟ್ಟಿಮಾಡಿ, ಭ್ರಷ್ಟಾಚಾರ ತಡೆಯಿರಿ ಎಂದಿತ್ತು. ಅದನ್ನೇ ಪೂರ್ತಿ ಮಾಡಿದ್ದರೆ ಸಾಕಿತ್ತು, ಅಲ್ವಾ?

ಹೋದ ಮಳೆಗಾಲ ಅಪ್ಪಯ್ಯನಿಗೆ ಜ್ವರ ಬಂದು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಇನ್ನೊಂದು ಊರಿನ ಡ್ಯೂಟಿಗೆ ಹೋಗಿದ್ದರು. ರಕ್ತ ತೆಗೆಯುವವರ ಕುರ್ಚಿ ಮೇಲೆ ಹತ್ತಿಯ ಡಬ್ಬ ಇತ್ತು. ಇದ್ದ ಒಬ್ಬರೇ ಸಿಸ್ಟರ್ ಕಿವಿಗೂ ಭುಜಕ್ಕೂ ಮಧ್ಯೆ ಫೋನ್ ಸಿಕ್ಕಿಸಿಕೊಂಡು, "ವರದಿ ಕಳಿಸಿದೀನಿ ಸರ್, ಎರಡು ಸಲ ಕಳಿಸಿದೀನಿ" ಎನ್ನುತ್ತ ಅಪ್ಪಯ್ಯನ ಚೀಟಿ ಬರೆದರು. ಹೊಸ ತಂಡ ಬಂದರೆ ಅವರಿಗೆ ತುಂಬಲು ಮತ್ತೊಂದು ಫಾರಂ ಬರುತ್ತದೆ. ನನಗೆ ಅದೇ ಭಯ.

ಎಣ್ಣೆ ಯಾರು ಹಚ್ಚುತ್ತಾರೆ, ಯಾರ ಮನೆಯಲ್ಲಿ ಬಾಟಲಿ ಗೂಡಿನಲ್ಲೇ ಕೂತಿದೆ ಎಂದು ಊರಿನ ಆಶಾ ಕಾರ್ಯಕರ್ತೆಗೆ ಗೊತ್ತು. ಅವರನ್ನು ಕೇಳಿ. ಅವರು ಹೇಳಿದ ಮೇಲೆ ಅಲ್ಲೇ ತೀರ್ಮಾನ ಮಾಡುವ ಅಧಿಕಾರವನ್ನೂ ಒಂದಿಷ್ಟು ದುಡ್ಡನ್ನೂ ತಾಲ್ಲೂಕು ಆರೋಗ್ಯಾಧಿಕಾರಿಗೆ ಕೊಡಿ. ಡಿಸೆಂಬರ್ ಬಂದರೆ ಉಣುಗಿನ ಕಾಲ ಶುರು. ಅಷ್ಟರೊಳಗೆ ರಕ್ತ ತೆಗೆಯುವ ಆ ಖಾಲಿ ಕುರ್ಚಿಗೊಬ್ಬರು ಬರಲಿ.