ಕಡಲು ಬೇಕು, ಕಡಲಿನವರು ಬೇಡ

ಆ ವಿಡಿಯೋವನ್ನು ನೀವು ನೋಡಿಯೇ ಇರುತ್ತೀರಿ. ಕಾಸರಗೋಡಿನಲ್ಲಿ ಮೊಬೈಲ್ ಇಟ್ಟುಕೊಂಡ ಯಾರಿಗೂ ಅದನ್ನು ನೋಡದೆ ಇರುವ ಸ್ವಾತಂತ್ರ್ಯ ಈ ವಾರ ಇರಲಿಲ್ಲ. ಹೊಸ ಮನೆಯ ಚಾವಡಿ, ಗೋಡೆಯುದ್ದದ ಉಪ್ಪುನೀರಿನ ಅಕ್ವೇರಿಯಂ, ನೀಲಿ ಬೆಳಕು, ನಡುರಾತ್ರಿ. ಕಲ್ಲಿನ ಸಂದಿಯಿಂದ ಬೆರಳುದ್ದದ ಹುಳುವೊಂದು ತಲೆ ಹೊರಗೆ ಹಾಕುತ್ತದೆ, ಮನೆಯವರೆಲ್ಲ ಬೊಬ್ಬೆ ಹೊಡೆಯುತ್ತಾರೆ, ಪರದೆಯ ಮೇಲೆ ಕೆಂಪು ಬಾಣವೂ ಎದೆ ನಡುಗಿಸುವ ಸಂಗೀತವೂ ಬರುತ್ತವೆ, ಇಂಥ ಭಯಾನಕ ಜೀವಿ ನಮ್ಮ ಮನೆಯೊಳಗೆ ಹೇಗೆ ಬಂತು ಎಂಬ ಪ್ರಶ್ನೆಯೊಂದಿಗೆ ಎಲ್ಲವೂ ಮುಗಿಯುತ್ತದೆ. ಹೇಗೆ ಬಂತೆಂದರೆ, ಅಕ್ವೇರಿಯಂಗೆಂದೇ ಮಾರುವ, ಜೀವಿಗಳು ಮನೆ ಮಾಡಿಕೊಂಡಿರುವ ‘ಲೈವ್ ರಾಕ್’ ಎಂಬ ಕಡಲ ಕಲ್ಲಿನೊಂದಿಗೆ ಬಂತು. ಆ ಕಲ್ಲನ್ನು ತಕ್ಕಡಿಗೆ ಹಾಕಿಸಿ, ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ಟು, ಒದ್ದೆ ಪೇಪರಿನಲ್ಲಿ ಸುತ್ತಿಸಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು, ಕಾರಿನ ಏಸಿಯಲ್ಲಿ ಮನೆಗೆ ತಂದವರು ಬೊಬ್ಬೆ ಹೊಡೆದವರೇ. ಹುಳುವಿನ ತೂಕಕ್ಕೂ ಅವರೇ ದುಡ್ಡು ತೆತ್ತಿದ್ದಾರೆ.

ಈ ಹವ್ಯಾಸವನ್ನು ನಾನು ಹಗುರವಾಗಿ ಕಾಣುವವನಲ್ಲ. ಕಡಲಿನ ಮೊರೆತ ರಾತ್ರಿ ಕಿಟಕಿಯಲ್ಲಿ ಕೇಳಿಸುವ ಊರಿನಲ್ಲಿ, ಷಟ್ಪಥ ಹೆದ್ದಾರಿಗೂ ರೈಲು ಹಳಿಗೂ ನಡುವೆ ಉಳಿದಷ್ಟು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿ, ಅದರೊಳಗೆ ಇನ್ನೊಂದು ಸಮುದ್ರವನ್ನು ಸ್ಥಾಪಿಸುವುದಕ್ಕೆ ಸಾಮಾನ್ಯ ಛಲ ಸಾಲದು. ಆ ಸಮುದ್ರಕ್ಕೆ ಬೇಕಾದ ಉಪ್ಪು ಹೊರದೇಶದಿಂದ ಬಕೆಟ್ಟಿನಲ್ಲಿ ಬರುತ್ತದೆ. ಬಾವಿಯ ನೀರನ್ನು ಆರ್‌ಓ ಯಂತ್ರದಲ್ಲಿ ಸೋಸಿ, ಅದರಲ್ಲಿ ಕರಗಿದ್ದ ಲವಣಗಳನ್ನೆಲ್ಲ ತೆಗೆದುಹಾಕಿ, ಅನಂತರ ಲೀಟರಿಗೆ ಸುಮಾರು 35 ಗ್ರಾಂ ಪ್ರಕಾರ ಆ ವಿದೇಶೀ ಉಪ್ಪನ್ನು ಕಲಸಿ, ಸಾಂದ್ರತೆ 1.025ಕ್ಕೆ ಬಂದಿದೆಯೇ ಎಂದು ಮಾಪಕವನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಪಡುವಣಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಸಿಗುವ ನೀರನ್ನು ತರಬಾರದೇ ಎಂದು ಕೇಳಿದರೆ ಅವರಲ್ಲಿ ಉತ್ತರವಿದೆ, ಆ ಉತ್ತರ ಸರಿಯಾದದ್ದೇ ಆಗಿದೆ: ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲೇ ಇದ್ದು, ಆಟಿ ತಿಂಗಳಲ್ಲಿ ಅವೆಲ್ಲ ಕೆಂಪಾಗಿ ಹರಿದು ಬಂದು ಕಡಲಿಗೆ ಬಿದ್ದಾಗ ದಡದ ನೀರಿನಲ್ಲಿ ಉಪ್ಪಿಗಿಂತ ಮಣ್ಣೇ ಹೆಚ್ಚಿರುತ್ತದೆ. ಹೀಗಾಗಿ ನಮ್ಮ ಕಡಲು ಅವರ ಕಡಲಿನ ಮಟ್ಟಕ್ಕೆ ಬರುವುದಿಲ್ಲ.

ಇಷ್ಟು ಶುದ್ಧವಾದ ನೀರಿಗೆ ಕಲ್ಲು ಇಳಿಸಿದ ಮೇಲೆ ಬಿಟ್ಟಿ ಪ್ರಯಾಣಿಕರು ಒಬ್ಬೊಬ್ಬರಾಗಿ ಇಳಿಯತೊಡಗುತ್ತಾರೆ. ವಿಡಿಯೋದ ಖಳನಾಯಕ ಬ್ರಿಸಲ್ ವರ್ಮ್. ದೀಪ ಆರಿಸಿ ಗಂಟೆ ಕಳೆದ ಮೇಲೆ ಕೆಂಪು ಕಾಗದ ಸುತ್ತಿದ ಟಾರ್ಚು ಹಾಯಿಸಿದರೆ ಅದನ್ನು ಯಾರೂ ನೋಡಬಹುದು: ಗುಲಾಬಿ ಮಿಶ್ರಿತ ಕಂದು ಮೈ, ಪ್ರತಿ ಉಂಗುರದ ಎರಡು ಬದಿಗೂ ಬಿಳಿಯ ರೋಮದ ಗೊಂಚಲು, ಕಲ್ಲಿನ ತೂತಿನಲ್ಲಿ ಅರ್ಧ ದೇಹವನ್ನು ಭದ್ರವಾಗಿ ಉಳಿಸಿಕೊಂಡೇ ಹೊರಗೆ ಚಾಚುವ ಎಚ್ಚರಿಕೆ. ಬರಿಗೈಯಲ್ಲಿ ಮುಟ್ಟಿದರೆ ಆ ರೋಮಗಳು ಮುರಿದು ಚರ್ಮದಲ್ಲಿ ಉಳಿದು ಉರಿಯುತ್ತವೆ. ಅಂಟುಪಟ್ಟಿಯನ್ನು ಒತ್ತಿ ಎಳೆದರೆ ಹೆಚ್ಚಿನವು ಬರುತ್ತವೆ. ಮುಟ್ಟದಿದ್ದರೆ ಅದರಿಂದ ಯಾರಿಗೂ ತೊಂದರೆಯಿಲ್ಲ. ಈ ಹುಳುಗಳಲ್ಲಿ ಬಹುಪಾಲು ಎಂಜಲು ತಿಂದು ಬದುಕುವವು. ಮೀನು ಬಿಟ್ಟ ಆಹಾರ, ಸತ್ತ ಬಸವನಹುಳು, ಕೊಳೆತ ಪಾಚಿ, ಎಲ್ಲವನ್ನೂ ಸಂಬಳವಿಲ್ಲದೆ ತೆಗೆಯುತ್ತವೆ. ಅವುಗಳ ಸಂಖ್ಯೆ ಏರಿತೆಂದರೆ ಮೇಲಿನಿಂದ ಬೀಳುವ ಎಂಜಲು ಏರಿದೆ ಎಂದೇ ಲೆಕ್ಕ. ಬಂದ ನೆಂಟರಿಗೆಲ್ಲ ತೋರಿಸಲೆಂದು ದಿನಕ್ಕೆ ಐದು ಹೊತ್ತು ಮೀನಿಗೆ ಊಟ ಹಾಕುವ ಯಜಮಾನರು, ಹುಳು ಹೆಚ್ಚಾಯಿತೆಂದು ಬೋನು ಕೊಳ್ಳಲು ಅಂಗಡಿಗೆ ಹೋಗುತ್ತಾರೆ. ಬೋನಿನೊಳಗೆ ಇಡುವುದು ಮತ್ತೆ ಸೀಗಡಿಯ ತುಂಡನ್ನೇ.

ಹುಳುವಿನ ಪರವಾಗಿ ಮಾತನಾಡಲು ನನಗೆ ಪ್ರಾದೇಶಿಕ ಕಾರಣವೂ ಇದೆ. 1956ರ ನವೆಂಬರ್ 1ರಂದು ನಾವಿದ್ದ ಕಲ್ಲನ್ನು ದಕ್ಷಿಣ ಕನ್ನಡ ಜಿಲ್ಲೆಯಿಂದ ಎತ್ತಿ ಕೇರಳವೆಂಬ ಇನ್ನೊಂದು ಟ್ಯಾಂಕಿಗೆ ಇಳಿಸಿದಾಗ ನಮ್ಮನ್ನೂ ಯಾರೂ ಕೇಳಿರಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗ ಬರೆದ ವರದಿ ಯಾವುದೋ ಕಪಾಟಿನಲ್ಲಿ ಇನ್ನೂ ತಣ್ಣಗೆ ಮಲಗಿದೆ. ಅರ್ಜಿಯ ನಮೂನೆಯನ್ನು ಕನ್ನಡದಲ್ಲಿ ಕೊಡಿ ಎಂದು ಕೇಳಿದ ದಿನ ಕೌಂಟರಿನ ಆಚೆಯಿಂದ ಬರುವ ನೋಟವನ್ನು ಅನುಭವಿಸಿದವರಿಗೆ, ನಡುರಾತ್ರಿ ಮುಖಕ್ಕೆ ಬೀಳುವ ಟಾರ್ಚಿನ ಬೆಳಕು ಅಪರಿಚಿತವೇನಲ್ಲ. ಇರಲಿ, ಟ್ಯಾಂಕಿಗೆ ಮರಳೋಣ.

ಹುಳು ಹೆಸರಿಗಷ್ಟೇ ಕೆಟ್ಟದ್ದು. ನಿಜವಾಗಿ ತಲೆ ತಿನ್ನುವುದು ಏಪ್ಟೇಸಿಯಾ. ಉಗುರಿನಷ್ಟು ಅಗಲದ, ಕಂದು ಬಣ್ಣದ ಕಡಲಹೂ; ಹೆಸರಿಗೆ ಹೂ, ನಿಜಕ್ಕೆ ಪ್ರಾಣಿ. ಮೊದಲನೆಯದು ಅರಳಿದ ದಿನ ಮನೆಯವರು ‘ಕಲ್ಲಿನ ಜೊತೆ ಹೂವೂ ಫ್ರೀ’ ಎಂದು ಫೋಟೋ ಹಾಕುತ್ತಾರೆ. ಕೆಲವೇ ವಾರಗಳಲ್ಲಿ ಕಲ್ಲಿಡೀ ಅದೇ ಹರಡಿ, ದುಡ್ಡು ಕೊಟ್ಟು ತಂದವನ್ನೆಲ್ಲ ಕುಟುಕಿ ಮೂಲೆಗೆ ತಳ್ಳುತ್ತದೆ. ಚಿಮುಟದಿಂದ ಕಿತ್ತರೆ ಕಲ್ಲಿಗಂಟಿ ಉಳಿದ ಪಾದದ ಚೂರುಗಳು ಒಂದೊಂದೂ ಒಂದೊಂದು ಹೊಸ ಹೂವಾಗುತ್ತವೆ. ಅದಕ್ಕೆ ಬಲ್ಲವರು ಹೇಳುವ ಮದ್ದು ಏನೆಂದರೆ, ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಗಟ್ಟಿಯಾಗಿ ಕಲಸಿ, ಸಿರಿಂಜಿನಲ್ಲಿ ತುಂಬಿ, ಅದು ಮುದುಡಿಕೊಳ್ಳುವ ಮೊದಲೇ ಬಾಯಿಗೆ ಬಿಡುವುದು. ಎಂದರೆ ಸುಣ್ಣ. ವೀಳ್ಯದ ಹರಿವಾಣದಲ್ಲಿ ತಲೆಮಾರುಗಳಿಂದ ಇರುವ ಸುಣ್ಣವನ್ನೇ ಅಂಗೈಯಗಲದ ಬಾಟಲಿಗೆ ತುಂಬಿ, ವಿದೇಶೀ ಚೀಟಿ ಅಂಟಿಸಿ, ಗಾಜಿನ ಕಪಾಟಿನಲ್ಲಿ ಇಟ್ಟು ಮಾರುವುದನ್ನು ಕಂಡಾಗ ನಮ್ಮ ಎಲೆಯಡಿಕೆಯ ಅಜ್ಜಿಯರು ಎಂಥ ವ್ಯಾಪಾರವನ್ನು ಕೈಬಿಟ್ಟರು ಎನಿಸುತ್ತದೆ.

ಆದರೆ ಸಿರಿಂಜು ಹಿಡಿದು ಗಾಜಿನ ಮುಂದೆ ಮೊಣಕಾಲೂರುವ ತಾಳ್ಮೆ ಯಾರಿಗಿದೆ? ಯಜಮಾನರು ಅಂಗಡಿಗೇ ಹೋಗುತ್ತಾರೆ.

“ಇದಕ್ಕೆ ಎಂತ ಮಾಡುವುದು ಮಾರಾಯ್ರೇ?”

“ನೀವು ಹೆದರಬೇಡಿ ಸರ್. ಅದನ್ನು ತಿನ್ನುವ ಎಟ್ಟಿ ಬಂದಿದೆ, ಜೋಡಿ ಕೊಂಡುಹೋಗಿ.”

ಪೆಪ್ಪರ್‌ಮಿಂಟ್ ಎಂಬ ಹೆಸರಿನ ಆ ಸೀಗಡಿಗೆ ಮನಸ್ಸು ಬಂದರೆ ಏಪ್ಟೇಸಿಯಾ ತಿನ್ನುತ್ತದೆ. ಮೇಲಿನಿಂದ ಐದು ಹೊತ್ತು ಊಟ ಬೀಳುವ ಮನೆಯಲ್ಲಿ ಆ ಮನಸ್ಸು ಅದಕ್ಕೆ ಏಕೆ ಬರಬೇಕು? ಮುಂದಿನ ಸಲ ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಎಂಬ ಉದ್ದ ಮೂತಿಯ ಮೀನು ಬರುತ್ತದೆ. ಅದು ಏಪ್ಟೇಸಿಯಾದೊಂದಿಗೆ ನೀವು ಪ್ರತ್ಯೇಕವಾಗಿ ದುಡ್ಡು ಕೊಟ್ಟು ತಂದ ಬೀಸಣಿಗೆ ಹುಳುಗಳನ್ನೂ ಹೆಕ್ಕಿ ತಿಂದು, ಅನಂತರ ಪೊಟ್ಟಣದ ಆಹಾರವನ್ನು ಮುಟ್ಟದೆ ಸೊರಗಿ ಸಾಯುವುದೇ ಹೆಚ್ಚು. ಕೊನೆಯ ಅಸ್ತ್ರ ಬರ್ಗಿಯಾ ಎಂಬ ಪುಟ್ಟ ಚಿಪ್ಪಿಲ್ಲದ ಬಸವನಹುಳು. ಅದರ ಆಹಾರ ಏಪ್ಟೇಸಿಯಾ ಮಾತ್ರ. ತಿಂದು ಮುಗಿಸಿದ ಮೇಲೆ ಹಸಿವಿನಿಂದ ಸಾಯುತ್ತದೆ. ಈ ಇಡೀ ವ್ಯವಹಾರದಲ್ಲಿ ವಹಿಸಿಕೊಂಡ ಕೆಲಸವನ್ನು ಪೂರ್ತಿ ಮಾಡಿ, ಎರಡನೆಯ ಬಿಲ್ಲು ಕಳಿಸದೆ ಹೋಗುವ ಏಕೈಕ ಗುತ್ತಿಗೆದಾರ ಅದು.

ಸಲಹೆ ಕೊಡಲು ಅಂಗಡಿಯೇ ಬೇಕೆಂದಿಲ್ಲ. ಪ್ರತಿ ಮನೆಗೂ ಅಡಿಕೆ ತೋಟದ ಒಬ್ಬ ಭಾವ ಇದ್ದೇ ಇರುತ್ತಾರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಹೊಡೆದು ಜೀವನದ ಸಕಲ ಸಮಸ್ಯೆಗಳಿಗೂ ಮೈಲುತುತ್ತೇ ಪರಿಹಾರವೆಂದು ಕಂಡುಕೊಂಡವರು. ‘ಒಂದು ಚಿಟಿಕೆ ಹಾಕಿ ಭಾವಾ, ಒಂದೂ ಉಳಿಯುವುದಿಲ್ಲ’ ಎನ್ನುತ್ತಾರೆ, ಮತ್ತು ಅಕ್ಷರಶಃ ಹಾಗೆಯೇ ಆಗುತ್ತದೆ. ಮೈಲುತುತ್ತಿನ ತಾಮ್ರ ಹುಳು, ಸೀಗಡಿ, ಶಂಖ, ಹವಳ ಯಾವುದನ್ನೂ ಉಳಿಸುವುದಿಲ್ಲ. ಸಾಲದ್ದಕ್ಕೆ ಕಲ್ಲಿಗೂ ಮರಳಿಗೂ ಹೀರಿಕೊಂಡು ಮುಂದೆ ಎಷ್ಟೋ ಕಾಲ ನೀರಿಗೆ ಸೋರುತ್ತಲೇ ಇರುತ್ತದೆ. ಅಳತೆ ಹಿಡಿತದಲ್ಲಿದ್ದರೆ ಮೀನು ಬದುಕಬಹುದು. ಬೆನ್ನೆಲುಬಿಲ್ಲದವರು ಮಾತ್ರ ಪೂರ್ತಿ ನಾಶವಾಗುತ್ತಾರೆ. ಇದನ್ನು ಓದಿ ಕೆಲವು ಕಚೇರಿಗಳಿಗೂ ಒಂದು ಚಿಟಿಕೆ ಕಳಿಸುವ ಆಲೋಚನೆ ನಿಮಗೆ ಬಂದರೆ ಅದಕ್ಕೆ ನಾನು ಹೊಣೆಯಲ್ಲ.

ಇನ್ನೊಂದು ಸಲಹೆ, ಕಲ್ಲನ್ನು ಹಂಡೆಯಲ್ಲಿ ಹಾಕಿ ಬೇಯಿಸಿಬಿಡುವುದು. ಇದರಲ್ಲಿ ತಮಾಷೆಯಿಲ್ಲ. ಕಲ್ಲಿಗಂಟಿ ಬರುವ ಝೋಆಂಥಿಡ್ ಎಂಬ ಗುಂಡಿಯಾಕಾರದ ಜೀವಿಗಳಲ್ಲಿ ಕೆಲವದರೊಳಗೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಅಂಥ ಕಲ್ಲನ್ನು ಕುದಿಸಿದ ಅಥವಾ ಬಿಸಿನೀರು ಹೊಯ್ದು ಉಜ್ಜಿದ ಮನೆಗಳಲ್ಲಿ ಆವಿಯನ್ನು ಉಸಿರಾಡಿದ ಕುಟುಂಬದವರೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ನಡೆದಿವೆ. ಕಲ್ಲು ಮಾರುವವರು ಇದನ್ನು ಹೇಳುವುದಿಲ್ಲ.

ರಾತ್ರಿ ಟ್ಯಾಂಕಿನಿಂದ ಟಕ್ ಟಕ್ ಎಂಬ ಸದ್ದು ಕೇಳಿಸಿದರೆ ಭೂತಕ್ಕೆ ತಂಬಿಲ ಹೇಳುವ ಮೊದಲು ಕಲ್ಲಿನ ಬಿಲವನ್ನು ನೋಡುವುದು ಒಳ್ಳೆಯದು. ಅಲ್ಲಿ ಮ್ಯಾಂಟಿಸ್ ಸೀಗಡಿ ಇರಬಹುದು. ಅದರ ಒಂದು ಜಾತಿಯ ಹೊಡೆತದ ವೇಗ ಸೆಕೆಂಡಿಗೆ 20 ಮೀಟರಿಗೂ ಮಿಗಿಲು, ಶಂಖವನ್ನು ಒಡೆಯುವುದು ಅದಕ್ಕೆ ನಿತ್ಯದ ಕೆಲಸ. ಹಿಡಿಯುವುದು ಸುಲಭವಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಸಾರ್ವಜನಿಕ ಅಕ್ವೇರಿಯಂ ಒಂದರಲ್ಲಿ 2009ರಲ್ಲಿ ಹವಳಗಳು ತುಂಡಾಗುತ್ತಿದ್ದುದು ಏಕೆಂದು ತಿಳಿಯದೆ ಸಿಬ್ಬಂದಿ ಒಂದೊಂದೇ ಕಲ್ಲನ್ನು ತೆಗೆದು ಹುಡುಕಿದಾಗ ಸಿಕ್ಕಿದ್ದು ನಾಲ್ಕಡಿ ಉದ್ದದ ಬಾಬಿಟ್ ಹುಳು, ನಮ್ಮ ಬ್ರಿಸಲ್ ವರ್ಮಿನ ದೊಡ್ಡ ಬಂಧು. ಅದಕ್ಕೆ ಅವರು ಬ್ಯಾರಿ ಎಂದು ಹೆಸರಿಟ್ಟು, ಬೇರೆ ಟ್ಯಾಂಕು ಕೊಟ್ಟು, ಪ್ರದರ್ಶನಕ್ಕೇ ಇಟ್ಟರು. ನಮ್ಮಲ್ಲಾದರೆ ಮ್ಯಾಂಟಿಸ್ ಸೀಗಡಿಯ ಬಂಧುಗಳು ಟ್ರಾಲ್ ಬಲೆಯಲ್ಲಿ ರಾಶಿರಾಶಿಯಾಗಿ ಬಂದು, ಬೇಡದ ಮೀನಿನೊಂದಿಗೆ ಬಂದರಿನಲ್ಲಿ ಒಣಗಿ, ಮೀನುಹಿಟ್ಟಿನ ಕಾರ್ಖಾನೆಗೆ ಲಾರಿಯಲ್ಲಿ ಹೋಗುತ್ತವೆ. ಅವುಗಳ ವಿಡಿಯೋ ಮಾಡಲು ಯಾರಿಗೂ ತೋಚಿಲ್ಲ.

ಈಗ ಕಲ್ಲಿನ ವಿಷಯ. ಲೈವ್ ರಾಕ್ ಎಂದು ಮಾರುವ ಅಸಲಿ ಮಾಲು ಹವಳದ ಅಸ್ಥಿಪಂಜರ. ಕಲ್ಲುಹವಳಗಳನ್ನೂ ಕಡಲಸೌತೆಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ, ಹುಲಿ ಇರುವ ಅನುಸೂಚಿಗೇ, ಸೇರಿಸಲಾಯಿತು. ಅದರಲ್ಲಿರುವ ಪ್ರಾಣಿಗಳನ್ನು ಹಿಡಿದರೆ, ಮಾರಿದರೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಸೆರೆವಾಸವಿದೆ. ಆದುದರಿಂದ ಚಾವಡಿಯ ಟ್ಯಾಂಕಿನಲ್ಲಿ ಕಲ್ಲಿನಡಿಯಿಂದ ಅಂಗುಲದಷ್ಟು ಉದ್ದದ ಕಡಲಸೌತೆಯೊಂದು ತೆವಳಿ ಬಂದರೆ ಯಜಮಾನರು ಅಭಿನಂದನೆಗೆ ಅರ್ಹರು, ಏಕೆಂದರೆ ಅವರ ಟಿವಿಯ ಪಕ್ಕದಲ್ಲಿ ಈಗ ಹುಲಿಯ ದರ್ಜೆಯ ಪ್ರಾಣಿಯಿದೆ. ಅದನ್ನು ಬಿಟ್ಟಿ ಪ್ರಯಾಣಿಕನೆಂದು ಚಿಮುಟದಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕುವವರಿಗೆ ಕಾಯ್ದೆಯಲ್ಲಿ ಯಾವ ವಿನಾಯಿತಿಯೂ ಇಲ್ಲ.

ಹಾಗಿದ್ದರೆ ಈ ಕಲ್ಲುಗಳು ಹಾಡುಹಗಲೇ ಎಲ್ಲಿಂದ ಬರುತ್ತವೆ, ಯಾರ ಕಣ್ಣೆದುರಿನಿಂದ ಬರುತ್ತವೆ? ತಮಿಳುನಾಡಿನ ಮಂಡಪಂ ಕಡೆಯ ದ್ವೀಪಗಳು 1986ರಿಂದ ರಾಷ್ಟ್ರೀಯ ಉದ್ಯಾನ. ಲಕ್ಷದ್ವೀಪದ ಹವಳಗಳು 1998ರಲ್ಲಿ, 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ನೀರಿನ ಬಿಸಿ ತಾಳಲಾರದೆ ಬಿಳಿಚಿದವು. ಬೆಂದು ಉಳಿದದ್ದನ್ನು ಕಬ್ಬಿಣದ ಹಾರೆಯಿಂದ ಮೀಟಿ ತೆಗೆದು, ಅದರಲ್ಲಿ ಮನೆ ಮಾಡಿಕೊಂಡಿದ್ದ ನೂರಾರು ಜೀವಿಗಳ ಸಮೇತ ಮಾರಿ, ಆಮೇಲೆ ಆ ಜೀವಿಗಳನ್ನೇ ಕ್ರಿಮಿಗಳೆಂದು ಪಟ್ಟಿ ಮಾಡಿ ಅವುಗಳಿಗೆ ವಿಷ ಮಾರುವುದು ಒಂದು ಉದ್ಯಮವಾಗಿದೆ, ಅದನ್ನು ನಾವು ಹವ್ಯಾಸವೆಂದು ಕರೆಯುತ್ತಿದ್ದೇವೆ. ಅತ್ತ ನಮ್ಮದೇ ಕರಾವಳಿಯ ಮುಸೋಡಿಯಲ್ಲಿ ಮಳೆಗಾಲ ಬಂದರೆ ಕಡಲು ತಾನಾಗಿಯೇ ಅಂಗಳಕ್ಕೆ ಬಂದು ತೆಂಗಿನ ಮರಗಳನ್ನೂ ಗೋಡೆಗಳನ್ನೂ ಒಯ್ಯುತ್ತದೆ, ಅಲ್ಲಿಯ ಜನ ಪಾತ್ರೆ ಪಗಡೆ ಕಟ್ಟಿಕೊಂಡು ನೆಂಟರ ಮನೆಗೆ ಹೋಗುತ್ತಾರೆ, ಮಂತ್ರಿಗಳು ಬಂದು ಕಲ್ಲು ಹಾಕಿಸುತ್ತೇವೆ ಎನ್ನುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಬೆರಳುದ್ದದ ಹುಳುವಿಗೆ ಒಂದೇ ವಾರದಲ್ಲಿ ಸಿಕ್ಕಿದಷ್ಟು ವೀಕ್ಷಕರು ಆ ಮನೆಗಳಿಗೆ ಇದುವರೆಗೆ ಸಿಕ್ಕಿಲ್ಲ.

ಬೇಸರ ಬಂದ ದಿನ ಟ್ಯಾಂಕು ಮಾರಾಟಕ್ಕೆ ಬರುತ್ತದೆ. ಗಾಜಿಗೂ ದೀಪಕ್ಕೂ ಗಿರಾಕಿ ಸಿಗುತ್ತಾರೆ, ಒಳಗಿನವರಿಗೆ ಸಿಗುವುದಿಲ್ಲ; ಅವರು ಬಕೆಟ್ಟಿನಲ್ಲಿ ಚಂದ್ರಗಿರಿಯ ಅಳಿವೆಗೆ ಹೋಗುತ್ತಾರೆ. 2018ರ ನೆರೆ ಇಳಿದ ಮೇಲೆ ಕೇರಳದ ಹೊಳೆಗಳಲ್ಲಿ ದಕ್ಷಿಣ ಅಮೆರಿಕದ ಅರಪೈಮವೂ ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಮೀನೂ ಬಲೆಗೆ ಬಿದ್ದದ್ದು ನೆನಪಿರಬಹುದು. ಅವು ಈಜಿಕೊಂಡು ಬಂದವುಗಳಲ್ಲ. ನಮ್ಮ ಸಮುದ್ರದ ಸಿಂಹಮೀನು ಅಮೆರಿಕದ ಕರಾವಳಿಯಲ್ಲಿ ನಡೆಸುತ್ತಿರುವ ಹಾವಳಿಗೂ ಅಕ್ವೇರಿಯಂಗಳೇ ಮೂಲವೆಂದು ಹೇಳುತ್ತಾರೆ. ಬೇಡವಾದ ಕಲ್ಲನ್ನೂ ನೀರನ್ನೂ ಬ್ಲೀಚ್ ಕಲಸಿದ ಬಕೆಟ್ಟಿನಲ್ಲಿ ಒಂದೆರಡು ದಿನ ಇರಿಸಿ, ಹೊಳೆಗೂ ತೋಡಿಗೂ ಸೇರದಂತೆ ಚೆಲ್ಲಬೇಕು. ಅಂಗಡಿಯಲ್ಲಿ ಕೇಳಿದರೆ, ಅಷ್ಟೆಲ್ಲ ಎಂತಕ್ಕೆ ಸರ್, ಹೊಳೆಗೆ ಬಿಡಿ, ಪುಣ್ಯವೂ ಬರುತ್ತದೆ ಎನ್ನುತ್ತಾರೆ; ಶುಕ್ರವಾರ ಹೊಸ ಲೋಡು ಬರುವುದಿದೆ, ಕಲ್ಲು ಬೇಕಾದರೆ ಮೊದಲೇ ಹೇಳಿಡಿ ಎಂದೂ ಸೇರಿಸುತ್ತಾರೆ.