ಕ್ಯಾಮೆರಾ ಇಲ್ಲದೆ ಬಂದವರು

ನೊಂದವರ ಬಳಿಗೆ ಸದ್ದಿಲ್ಲದೆ ಬಂದುಹೋಗುವ ಕಲಾವಿದರ ಬಗ್ಗೆ ಲೇಖನವೊಂದನ್ನು ಓದಿ 2019ರ ಆಗಸ್ಟ್ ನೆನಪಾಯಿತು. ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ, ಪಟ್ಟದಕಲ್ಲಿನ ದೇಗುಲಗಳ ಆವರಣವೂ ಜಲಾವೃತವಾಗಿದ್ದ ಆ ದಿನಗಳಲ್ಲಿ, ಬಾದಾಮಿ ತಾಲ್ಲೂಕಿನ ನಮ್ಮ ಊರಿನವರೆಲ್ಲ ಶಾಲೆಯೊಂದರಲ್ಲಿ ತೆರೆದಿದ್ದ ಪರಿಹಾರ ಕೇಂದ್ರದಲ್ಲಿದ್ದೆವು. ಒಂದು ಸಂಜೆ ಈ ಭಾಗದ ಹೆಸರಾಂತ ರಂಗಕಲಾವಿದೆಯೊಬ್ಬರು ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಹಿಡಿದುಕೊಂಡು ಬಂದರು. ಫೋಟೊ ತೆಗೆಯಲು ಮುಂದಾದ ಹುಡುಗರನ್ನು ಕೈಸನ್ನೆಯಿಂದಲೇ ತಡೆದರು. ಎಮ್ಮೆ ಕಳೆದುಕೊಂಡು ಎರಡು ದಿನ ಮಾತೇ ಆಡದಿದ್ದ ನಮ್ಮ ದೊಡ್ಡವ್ವನ ಪಕ್ಕ ಚಾಪೆಯ ಮೇಲೆ ಕುಳಿತು, "ಅದಕ್ಕ ಏನಂತ ಕರೀತಿದ್ರಿ ಯವ್ವಾ?" ಎಂದು ಕೇಳಿದರು. ದೊಡ್ಡವ್ವ ಆಗ ಅತ್ತಳು. ಅತ್ತ ಮೇಲೆ ಅರ್ಧ ರೊಟ್ಟಿ ತಿಂದಳು.

ಪುನೀತ್ ರಾಜ್‌ಕುಮಾರ್ ಅವರು ಮಾಡಿದ ಎಷ್ಟೋ ಸಹಾಯಗಳು ನಾಡಿಗೆ ತಿಳಿದದ್ದು 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡ ನಂತರವೇ. ತಾರೆಯರು ಬಹಿರಂಗವಾಗಿ ಮನವಿ ಮಾಡಿದರೆ ಪರಿಹಾರ ನಿಧಿಗೆ ಹಣ ಬರುತ್ತದೆ, ಅದು ಬೇಕು. ಆದರೆ ಸಂತ್ರಸ್ತರು ಅಳುವುದನ್ನು ಚಿತ್ರೀಕರಿಸುವುದು ದಯವಿಟ್ಟು ನಿಲ್ಲಲಿ. ಆ ಸಂಜೆಯ ಒಂದು ಚಿತ್ರವೂ ನಮ್ಮಲ್ಲಿಲ್ಲ. ಆ ಕಲಾವಿದೆ ಬಯಸದ ಕಾರಣ ಅವರ ಹೆಸರನ್ನು ಇಲ್ಲಿಯೂ ಬರೆಯುತ್ತಿಲ್ಲ.